ಚೆಕ್ ಬರೆಯುವುದು: ಎಲ್ಲಿ ಜಾಗ ಬಿಡಬಾರದು, ಏನನ್ನು ತಿದ್ದಬಾರದು

ಮನೆ ಬಾಡಿಗೆಯ ಅಡ್ವಾನ್ಸು, ಸೈಟಿನ ಕಂತು, ಪತ್ತಿನ ಸಂಘದ ಸಾಲ, ಫೈನಾನ್ಸ್ ಕಂಪನಿಯ ಕಾಗದಪತ್ರ. ಫೋನಿನಲ್ಲೇ ಹಣ ಹೋಗುವ ಕಾಲ ಬಂದರೂ ಇಲ್ಲೆಲ್ಲ ಚೆಕ್ ಕೇಳುವುದು ನಿಂತಿಲ್ಲ. ವರ್ಷಕ್ಕೆ ಎರಡೋ ಮೂರೋ ಚೆಕ್ ಬರೆಯುವವರಿಗೆ ಕೈಯ ರೂಢಿ ತಪ್ಪಿರುತ್ತದೆ, ತಪ್ಪುಗಳು ನುಸುಳುವುದೂ ಆಗಲೇ.

ಒಂದು ಸಂಗತಿ ಗೊತ್ತಿದ್ದರೆ ಉಳಿದ ನಿಯಮಗಳ ಕಾರಣ ಸುಲಭವಾಗಿ ಹೊಳೆಯುತ್ತದೆ. ನೀವು ಕೊಟ್ಟ ಚೆಕ್ಕು ಬೇರೆ ಬ್ಯಾಂಕಿನಲ್ಲಿ ಜಮಾ ಆದರೆ ಆ ಕಾಗದ ನಿಮ್ಮ ಬ್ಯಾಂಕಿಗೆ ಬರುವುದೇ ಇಲ್ಲ. ಅದನ್ನು ಪಡೆದ ಬ್ಯಾಂಕು ಸ್ಕ್ಯಾನ್ ಮಾಡಿ ಚಿತ್ರವನ್ನಷ್ಟೇ ಕಳಿಸುತ್ತದೆ. ಚೆಕ್ ಟ್ರಂಕೇಷನ್ ಸಿಸ್ಟಂ, ಅಂದರೆ ಬ್ಯಾಂಕಿನವರು ಹೇಳುವ ಸಿಟಿಎಸ್, ಇದೇ. 2008ರಲ್ಲಿ ದೆಹಲಿಯಲ್ಲಿ, 2011ರಲ್ಲಿ ಚೆನ್ನೈನಲ್ಲಿ, 2013ರಲ್ಲಿ ಮುಂಬೈನಲ್ಲಿ ಇದು ಶುರುವಾಯಿತು. ಕರ್ನಾಟಕದ ಚೆಕ್ಕುಗಳು ಮೊದಲು ಚೆನ್ನೈ ಗ್ರಿಡ್‌ಗೆ, ಅಂದರೆ ಅಲ್ಲಿನ ಚೆಕ್ ವಿನಿಮಯ ಜಾಲಕ್ಕೆ, ಸೇರಿದ್ದವು, ಈಗ ದೇಶಕ್ಕೆಲ್ಲ ಒಂದೇ ಗ್ರಿಡ್. ಒಂದು ಚೆಕ್ಕಿಗೆ ಮೂರು ಚಿತ್ರ ತೆಗೆಯುತ್ತಾರೆ: ಮುಂಭಾಗದ್ದು ಬೂದು ಛಾಯೆಯಲ್ಲೊಂದು, ಬರೀ ಕಪ್ಪು-ಬಿಳುಪಿನಲ್ಲೊಂದು, ಹಿಂಭಾಗದ್ದು ಕಪ್ಪು-ಬಿಳುಪಿನಲ್ಲಿ ಮತ್ತೊಂದು. ನಿಮ್ಮ ಸಹಿ ಸರಿಯೇ, ಮೊತ್ತ ಸರಿಯೇ ಎಂದು ನಿಮ್ಮ ಬ್ಯಾಂಕಿನ ಸಿಬ್ಬಂದಿ ತೀರ್ಮಾನಿಸುವುದು ಪರದೆಯ ಮೇಲಿನ ಈ ಚಿತ್ರ ನೋಡಿಯೇ. ಕಾಗದ ಉಜ್ಜಿದ್ದಾರೆಯೇ, ಎರಡು ಬಗೆಯ ಶಾಯಿ ಬಳಸಿದ್ದಾರೆಯೇ ಎಂದು ಕೈಯಲ್ಲಿ ಹಿಡಿದು ನೋಡುವ ಅವಕಾಶ ಅವರಿಗಿಲ್ಲ.

ಹಾಗಾಗಿ ಚೆಕ್ಕಿನಲ್ಲಿ ಎರಡೇ ಅಪಾಯ. ಬಿಟ್ಟ ಜಾಗವನ್ನು ಕಳ್ಳರು ತುಂಬುತ್ತಾರೆ, ತಿದ್ದಿದ ಜಾಗವನ್ನು ಬ್ಯಾಂಕು ತಿರಸ್ಕರಿಸುತ್ತದೆ.

ಮೊದಲು ಹಾಳೆ ನೋಡಿ

ಚೆಕ್ಕಿನ ಎಡ ಅಂಚಿನಲ್ಲಿ ಮುದ್ರಕರ ಹೆಸರಿನ ಜೊತೆ ಸಣ್ಣಕ್ಷರದಲ್ಲಿ ‘ಸಿಟಿಎಸ್-2010’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರಬೇಕು. ಬೆಳಕಿಗೆ ಹಿಡಿದರೆ ‘ಸಿಟಿಎಸ್-ಇಂಡಿಯಾ’ ಎಂಬ ನೀರಚ್ಚು ಕಾಣುತ್ತದೆ. ಇವಿಲ್ಲದ ಹಳೇ ಹಾಳೆ ಕ್ಲಿಯರಿಂಗ್‌ಗೆ, ಅಂದರೆ ಬ್ಯಾಂಕುಗಳ ನಡುವಿನ ಚೆಕ್ ವಿನಿಮಯಕ್ಕೆ, ಹೋಗುವುದಿಲ್ಲ. ನಮ್ಮ ರಾಜ್ಯದಲ್ಲಿ ಇನ್ನೊಂದು ಸಂಗತಿಯನ್ನೂ ನೋಡಿಕೊಳ್ಳಬೇಕು. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ, ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಜೊತೆ, ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆಗೂ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕ್ ಜೊತೆಗೂ 2020ರಲ್ಲಿ ವಿಲೀನವಾದವು. ಬೀರುವಿನಲ್ಲಿ ಆ ಹೆಸರಿನ ಚೆಕ್‌ಬುಕ್ ಉಳಿದಿದ್ದರೆ ಹರಿದು ಹಾಕಿ ಹೊಸದು ತರಿಸಿಕೊಳ್ಳಿ.

ಕೆಳಗಿನ ಬಿಳಿ ಪಟ್ಟಿಯಲ್ಲಿ ವಿಚಿತ್ರ ಆಕಾರದ ಅಂಕಿಗಳಿವೆಯಲ್ಲ, ಅದು ಎಂಐಸಿಆರ್ ಪಟ್ಟಿ. ಮೊದಲ 6 ಅಂಕಿ ಚೆಕ್ ಸಂಖ್ಯೆ. ಮುಂದಿನ 9ರಲ್ಲಿ ಮೂರು ಊರಿನದು, ಮೂರು ಬ್ಯಾಂಕಿನದು, ಮೂರು ಶಾಖೆಯದು. ಬೆಂಗಳೂರಿನದಾದರೆ ಪಿನ್‌ಕೋಡಿನ ಹಾಗೇ 560ರಿಂದ ಶುರು. ಇದನ್ನು ಯಂತ್ರ ಓದುತ್ತದೆ. ಸಹಿಯ ಬಾಲ ಈ ಪಟ್ಟಿಗೆ ಇಳಿಯಬಾರದು, ಮೊಹರು ಬೀಳಬಾರದು. ಪಿನ್ನು, ಸ್ಟೇಪ್ಲರ್, ಮಡಿಕೆ ಯಾವುದೂ ಬೇಡ.

ಪೆನ್ನು ನಿಮ್ಮದೇ ಇರಲಿ

ನೀಲಿ ಅಥವಾ ಕಪ್ಪು ಶಾಯಿಯ ಬಾಲ್ ಪೆನ್ನು ಸಾಕು. ತಿಳಿ ಬಣ್ಣದ ಶಾಯಿ ಕಪ್ಪು-ಬಿಳುಪು ಚಿತ್ರದಲ್ಲಿ ಮಾಯವಾಗಿ, ಚೆಕ್ ಓದಲಾಗದೆ ಹಿಂದಿರುಗುತ್ತದೆ. ಉಜ್ಜಿದರೆ ಅಳಿಯುವ ಜೆಲ್ ಪೆನ್ನಂತೂ ಬೇಡವೇ ಬೇಡ.

ಪೆನ್ನು ನಿಮ್ಮದೇ ಆಗಿರಬೇಕು ಎನ್ನುವುದಕ್ಕೆ ಕಾರಣ ಇದೆ. ಸಾಲ ಕೊಡಿಸುತ್ತೇನೆ, ವಿಮೆ ಮಾಡಿಸುತ್ತೇನೆ ಎಂದು ಮನೆಗೆ ಬರುವ ವಂಚಕರ ಹಳೇ ಕೈಚಳಕ ಹೀಗಿದೆ: ‘ನೀವು ಸಹಿ ಮಾಡಿ ಸಾಕು, ಉಳಿದದ್ದು ನಾನು ತುಂಬುತ್ತೇನೆ’ ಎಂದು ತಮ್ಮ ಪೆನ್ನಿನಿಂದ ಕಂಪನಿಯ ಹೆಸರು, ಸಣ್ಣ ಮೊತ್ತ ಬರೆಯುತ್ತಾರೆ. ಸಹಿ ಮಾತ್ರ ನಿಮ್ಮ ಪೆನ್ನಿನಲ್ಲಿ. ಹೊರಗೆ ಹೋದ ಮೇಲೆ ಅವರ ಶಾಯಿ ಅಳಿಯುತ್ತದೆ, ನಿಮ್ಮ ಸಹಿ ಉಳಿಯುತ್ತದೆ. ಮುಂದೆ ಯಾವ ಹೆಸರು, ಎಷ್ಟು ಮೊತ್ತ ಎನ್ನುವುದು ಅವರ ಇಷ್ಟ. ‘ಕ್ಯಾನ್ಸಲ್ಡ್’ ಎಂದು ಅವರ ಪೆನ್ನಿನಲ್ಲಿ ಬರೆಸಿ ಪಡೆದ ಚೆಕ್ಕಿನಲ್ಲೂ ಇದೇ ಆಟ ನಡೆಯುತ್ತದೆ.

ದಿನಾಂಕ

ಬಲ ಮೇಲ್ಮೂಲೆಯಲ್ಲಿ 8 ಚೌಕಗಳಿವೆ: ದಿನಕ್ಕೆ ಎರಡು, ತಿಂಗಳಿಗೆ ಎರಡು, ಇಸವಿಗೆ ನಾಲ್ಕು. ಜೂನ್ 5 ಆದರೆ 05 06 ಎಂದು ಸೊನ್ನೆ ಸೇರಿಸಿಯೇ ತುಂಬಿ, ಇಲ್ಲವಾದರೆ ಆ ಚೌಕದಲ್ಲಿ 1 ಅಥವಾ 2 ಬಂದು ಕೂರಬಹುದು.

2012ರ ಏಪ್ರಿಲ್ 1ರಿಂದ ಚೆಕ್ಕಿನ ಆಯಸ್ಸು ದಿನಾಂಕದಿಂದ ಮೂರು ತಿಂಗಳು. ಅದಕ್ಕೂ ಮುಂಚೆ ಆರು ತಿಂಗಳಿತ್ತು, ಹಾಗಾಗಿ ಹಿರಿಯರಲ್ಲಿ ಕೆಲವರು ಈಗಲೂ ಆರೆಂದೇ ನಂಬಿ ಚೆಕ್ಕನ್ನು ಪಂಚಾಂಗದ ಒಳಗಿಟ್ಟು ಮರೆಯುವುದುಂಟು. ಮುಂದಿನ ದಿನಾಂಕದ ಚೆಕ್ ಕೊಡಬಹುದು, ಆ ದಿನ ಬರುವ ತನಕ ಬ್ಯಾಂಕು ಅದಕ್ಕೆ ಹಣ ಕೊಡುವುದಿಲ್ಲ. ಜನವರಿಯಲ್ಲಿ ಕೈ ತಾನಾಗಿಯೇ ಹಿಂದಿನ ಇಸವಿ ಬರೆಯುತ್ತದೆ, ಹಾಗಾದರೆ ಆ ಚೆಕ್ಕಿಗೆ ಒಂದು ವರ್ಷ ವಯಸ್ಸಾಗಿ ಹುಟ್ಟುತ್ತಲೇ ಅವಧಿ ಮೀರಿರುತ್ತದೆ.

ಯಾರಿಗೆ

‘ಪೇ’ ಎಂಬ ಅಚ್ಚಿನ ಪಕ್ಕಕ್ಕೆ ಅಂಟಿಕೊಂಡಂತೆ ಹೆಸರು ಬರೆಯಿರಿ. ಅವರ ಬ್ಯಾಂಕ್ ಖಾತೆಯಲ್ಲಿ ಹೇಗಿದೆಯೋ ಹಾಗೆಯೇ ಇರಲಿ, ಮನೆಯಲ್ಲಿ ಕರೆಯುವ ಹೆಸರಾಗಲಿ, ಅಂಗಡಿಯ ಬೋರ್ಡಿನ ಹೆಸರಾಗಲಿ ಆಗುವುದಿಲ್ಲ. ಹೆಸರು ಮುಗಿದ ಮೇಲೆ ಗೆರೆಯ ಕೊನೆಯವರೆಗೆ ಒಂದು ಗೀಟು ಎಳೆಯಿರಿ.

ಬ್ಯಾಂಕಿಗೋ ವಿಮಾ ಸಂಸ್ಥೆಗೋ ಕಟ್ಟುವಾಗ ಜನ ಎಡವುವುದು ಹೆಚ್ಚು. ಬರೀ ಬ್ಯಾಂಕಿನ ಹೆಸರು ಬರೆದು ಡ್ರಾಪ್ ಬಾಕ್ಸಿಗೆ ಹಾಕಿದರೆ ಆ ಹಣ ಯಾರ ಸಾಲಕ್ಕೆ, ಯಾರ ಕಾರ್ಡಿಗೆ ಎಂದು ಚೆಕ್ಕು ಹೇಳುವುದಿಲ್ಲ. ಕೈಗೆ ಸಿಕ್ಕವರು ತಮ್ಮ ಖಾತೆ ಸಂಖ್ಯೆಯ ಚಲನ್ ಜೊತೆ ಸೇರಿಸಿದರೆ ಅವರ ಸಾಲ ತೀರುತ್ತದೆ. ಆದ್ದರಿಂದ ಬ್ಯಾಂಕಿನ ಹೆಸರಿನ ಮುಂದೆ ಸಾಲದ ಖಾತೆ ಅಥವಾ ಕಾರ್ಡ್ ಸಂಖ್ಯೆ, ಎಲ್‌ಐಸಿ ಹೆಸರಿನ ಮುಂದೆ ಪಾಲಿಸಿ ಸಂಖ್ಯೆಯನ್ನು ಅದೇ ಗೆರೆಯಲ್ಲಿ ಬರೆಯಬೇಕು.

ಗೆರೆಯ ಕೊನೆಯಲ್ಲಿ ‘ಆರ್ ಬೇರರ್’, ಹಿಂದಿಯಲ್ಲಿ ‘ಯಾ ಧಾರಕ್ ಕೋ’ ಎಂದು ಅಚ್ಚಾಗಿರುತ್ತದೆ. ಅದನ್ನು ಹೊಡೆದು ಹಾಕದೆ, ಕ್ರಾಸೂ ಮಾಡದೆ (ಮೂಲೆಯಲ್ಲಿ ಎರಡು ಗೀಟೆಳೆಯದೆ) ಬಿಟ್ಟರೆ ಚೆಕ್ಕು ಹಿಡಿದು ಕೌಂಟರಿಗೆ ಬಂದವರು ಯಾರೇ ಆಗಲಿ ನಗದು ಕೇಳಬಹುದು.

ಮೊತ್ತ: ಇಲ್ಲಿ ನಿಧಾನಿಸಿ

ಬಾಡಿಗೆ ಮನೆಯ ಅಡ್ವಾನ್ಸು 60,000 ರೂಪಾಯಿ ಕೊಡಬೇಕಿದೆ ಎಂದುಕೊಳ್ಳಿ. ಅಂಕಿಯ ಚೌಕದಲ್ಲಿ ₹ ಗುರುತು ಅಚ್ಚಾಗಿದೆ. ಅದಕ್ಕೆ ತಗಲುವಷ್ಟು ಹತ್ತಿರ 6 ಶುರುವಾಗಬೇಕು. ಒಂದು ಅಂಕಿಯಷ್ಟು ಜಾಗ ಬಿಟ್ಟಿರೋ, 60,000 ಎಂಬುದು 1,60,000 ಆಗಲು ಒಂದು ಗೀಟು, ಒಂದು ಅಲ್ಪವಿರಾಮ ಸಾಕು. ಕೊನೆಗೆ ‘/-’ ಹಾಕಿ ಮುಚ್ಚಿ. ಸಾವಿರ, ಲಕ್ಷಗಳ ಅಲ್ಪವಿರಾಮ ತಪ್ಪದೆ ಹಾಕಿ: 6000 ಎಂದು ಬರಿದೇ ಬರೆದರೆ ಪಕ್ಕಕ್ಕೊಂದು ಸೊನ್ನೆ ಸುಲಭವಾಗಿ ಸೇರುತ್ತದೆ, 6,000 ಎಂದಿದ್ದರೆ ಸೇರಿದ ಸೊನ್ನೆ 6,0000 ಎಂದು ಎದ್ದು ಕಾಣುತ್ತದೆ.

ಅಕ್ಷರದಲ್ಲಿ ಬರೆಯುವಾಗಲೂ ಎಡ ತುದಿಯಿಂದಲೇ ಆರಂಭ. ‘ಅರವತ್ತು ಸಾವಿರ ರೂಪಾಯಿ ಮಾತ್ರ’ ಎಂದು ಬರೆದು, ಉಳಿದ ಗೆರೆಗೂ ಅದರ ಕೆಳಗಿನ ಎರಡನೇ ಗೆರೆಗೂ ಗೀಟೆಳೆಯಿರಿ. ‘ಅರವತ್ತು’ ಪದಕ್ಕಿಂತ ಮೊದಲು ಜಾಗ ಬಿಟ್ಟರೆ ‘ಒಂದು ಲಕ್ಷದ’ ಎಂಬುದು ಅಲ್ಲಿ ಚೆನ್ನಾಗಿಯೇ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಬರೆಯುವವರಿಗೆ ಬೇರೊಂದು ಕಷ್ಟ ಇದೆ. ‘ಸಿಕ್ಸ್’, ‘ಸೆವೆನ್’ ಪದಗಳ ಕೊನೆಗೆ ಎರಡಕ್ಷರ ಸೇರಿಸಿದರೆ ಆರು ಅರವತ್ತಾಗುತ್ತದೆ, ಏಳು ಎಪ್ಪತ್ತಾಗುತ್ತದೆ. ‘ಎಯ್ಟ್’ ಎಂಬತ್ತಾಗಲು ಒಂದೇ ಅಕ್ಷರ ಸಾಕು. ಪದಗಳ ನಡುವೆ ಅಗಲ ಜಾಗ ಬಿಟ್ಟು ಅಂದವಾಗಿ ಬರೆಯುವ ಅಭ್ಯಾಸ ಚೆಕ್ಕಿನಲ್ಲಿ ಬೇಡ, ಇಲ್ಲಿ ಒತ್ತೊತ್ತಾಗಿ ಬರೆದದ್ದೇ ಚೆಂದ.

ಅಂಕಿ, ಅಕ್ಷರ ಎರಡೂ ಬೇರೆಬೇರೆಯಾದರೆ ಅಕ್ಷರದ ಮೊತ್ತವೇ ಊರ್ಜಿತ ಎಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಹಾಗೆಂದರೂ ಕ್ಲಿಯರಿಂಗ್‌ನಲ್ಲಿ ಅಂಥ ಚೆಕ್ಕು ‘ಅಂಕಿ-ಅಕ್ಷರ ತಾಳೆಯಾಗುವುದಿಲ್ಲ’ ಎಂಬ ಕಾರಣ ಹೊತ್ತು ವಾಪಸಾಗುವುದೇ ರೂಢಿ.

ಕ್ರಾಸ್ ಮಾಡುವುದು

ಎಡ ಮೇಲ್ಮೂಲೆಯಲ್ಲಿ ಎರಡು ಸಮಾನಾಂತರ ಗೀಟು. ಇದರಿಂದ ಕೌಂಟರಿನಲ್ಲಿ ನಗದು ಸಿಗುವುದು ನಿಲ್ಲುತ್ತದೆ, ಹಣ ಯಾವುದಾದರೊಂದು ಖಾತೆಯ ಮೂಲಕವೇ ಹೋಗಬೇಕು. ಆದರೆ ಯಾರ ಖಾತೆ? ಗೀಟುಗಳ ನಡುವೆ ‘ಎ/ಸಿ ಪೇಯಿ’ ಎಂದು ಬರೆದಾಗ ಮಾತ್ರ ಅದು ಹೆಸರಿದ್ದವರ ಖಾತೆಗೇ ಬೀಳಬೇಕು. ಬೇರೆಯವರ ಖಾತೆಗೆ ಜಮಾ ಮಾಡದಂತೆ ರಿಸರ್ವ್ ಬ್ಯಾಂಕು ಬ್ಯಾಂಕುಗಳನ್ನು ನಿರ್ಬಂಧಿಸಿದೆ. ಇದಕ್ಕೊಂದು ವಿನಾಯಿತಿ ಉಂಟು: ಹಣ ಪಡೆಯುವವರು ಪತ್ತಿನ ಸಹಕಾರ ಸಂಘದ ಸದಸ್ಯರಾಗಿದ್ದರೆ, 50,000 ರೂಪಾಯಿ ಮೀರದ ಚೆಕ್ಕನ್ನು ಬ್ಯಾಂಕು ಆ ಸಂಘದ ಖಾತೆಯ ಮೂಲಕ ವಸೂಲು ಮಾಡಿಕೊಡಬಹುದು. ಸಂಘದಲ್ಲಷ್ಟೇ ಖಾತೆ ಇರುವ ಹಳ್ಳಿಯ ಕುಟುಂಬಗಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ಬೇರೆಯವರಿಗೆ ಕೊಡುವ ಪ್ರತಿ ಚೆಕ್ಕಿಗೂ ಎ/ಸಿ ಪೇಯಿ ಹಾಕಿ, ಬೇರರ್ ಎಂಬುದನ್ನು ಹೊಡೆದು ಹಾಕಿ. ಹೆಸರು ಬರೆಯುವುದಕ್ಕೂ ಮೊದಲು ಕ್ರಾಸ್ ಮಾಡುವ ರೂಢಿ ಇಟ್ಟುಕೊಂಡರೆ ಮರೆಯುವ ಪ್ರಶ್ನೆ ಬರುವುದಿಲ್ಲ.

ಸಹಿ ಕೊನೆಯಲ್ಲಿ

ಎಲ್ಲ ತುಂಬಿದ ಮೇಲೆ ಸಹಿ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎನ್ನುವುದು ಮುಖ್ಯವಲ್ಲ, ಖಾತೆ ತೆರೆಯುವಾಗ ಕೊಟ್ಟ ಮಾದರಿಗೆ ಹೊಂದಬೇಕು. ಇಪ್ಪತ್ತು ವರ್ಷದ ಹಿಂದೆ ಮಾಡಿದ ಸಹಿ ಈಗ ಬೇರೆಯಾಗಿದ್ದರೆ ಶಾಖೆಗೆ ಹೋಗಿ ಹೊಸ ಮಾದರಿ ಕೊಟ್ಟು ಬನ್ನಿ. ಜಂಟಿ ಖಾತೆಯಲ್ಲಿ ‘ಇಬ್ಬರಲ್ಲಿ ಯಾರಾದರೂ’ ಎಂದಿದೆಯೋ ‘ಇಬ್ಬರೂ ಕೂಡಿ’ ಎಂದಿದೆಯೋ ನೋಡಿಕೊಳ್ಳಿ. ಕೈ ನಡುಗಿ ಸಹಿ ಆಗದ ವೃದ್ಧರು, ರೋಗಿಗಳು ಹೆಬ್ಬೆಟ್ಟು ಒತ್ತಿ ಹಣ ತೆಗೆಯಲು ದಾರಿ ಇದೆ: ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸಾಕ್ಷಿಗಳು ಗುರುತಿಸಬೇಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯೇ ಆಗಿರಬೇಕು.

ತಪ್ಪಾದರೆ ಹೊಸ ಹಾಳೆ

ಹಿಂದೆ ತಪ್ಪನ್ನು ಹೊಡೆದು ಪಕ್ಕದಲ್ಲಿ ಪೂರ್ಣ ಸಹಿ ಹಾಕಿದರೆ ನಡೆಯುತ್ತಿತ್ತು. 2010ರ ರಿಸರ್ವ್ ಬ್ಯಾಂಕ್ ಆದೇಶದ ನಂತರ ಸಿಟಿಎಸ್‌ಗೆ ಹೋಗುವ ಚೆಕ್ಕಿನಲ್ಲಿ ಹೆಸರನ್ನಾಗಲಿ ಮೊತ್ತವನ್ನಾಗಲಿ ತಿದ್ದುವಂತಿಲ್ಲ, ಸಹಿ ಹಾಕಿದರೂ ಇಲ್ಲ. ಅವಧಿ ಊರ್ಜಿತಗೊಳಿಸಲು ದಿನಾಂಕ ತಿದ್ದುವುದಕ್ಕೆ ಮಾತ್ರ ರಿಯಾಯಿತಿ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಆ ಹಾಳೆಗೆ ‘ಕ್ಯಾನ್ಸಲ್ಡ್’ ಎಂದು ಬರೆದು, ಕೆಳಗಿನ ಚೆಕ್ ಸಂಖ್ಯೆಯನ್ನು ಕತ್ತರಿಸಿ, ಹೊಸದು ಬರೆಯಿರಿ. ಎರಡು ರೂಪಾಯಿ ಹಾಳೆ ಉಳಿಸಲು ಹೋಗಿ ರಿಟರ್ನ್ ಶುಲ್ಕ ತೆರುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ.

ಕನ್ನಡದಲ್ಲಿ ಬರೆಯಬಹುದೇ?

ಬರೆಯಬಹುದು. ಚೆಕ್ಕನ್ನು ಹಿಂದಿ, ಇಂಗ್ಲಿಷ್ ಅಥವಾ ಆಯಾ ಪ್ರಾದೇಶಿಕ ಭಾಷೆಯಲ್ಲಿ ಬರೆಯಲು ಗ್ರಾಹಕರಿಗೆ ಅವಕಾಶ ಇದೆ ಎಂದು ರಿಸರ್ವ್ ಬ್ಯಾಂಕಿನ ಗ್ರಾಹಕ ಸೇವಾ ಸೂಚನೆಗಳೇ ಹೇಳುತ್ತವೆ. ಕೌಂಟರಿನಲ್ಲಿ ಆಗುವುದಿಲ್ಲ ಎಂದರೆ ಇದನ್ನೇ ಹೇಳಿ. ಹುಬ್ಬಳ್ಳಿಯ ಗ್ರಾಹಕರೊಬ್ಬರು ವಿದ್ಯುತ್ ಬಿಲ್ಲಿಗಾಗಿ ಹೆಸ್ಕಾಂಗೆ ಕನ್ನಡದಲ್ಲಿ ಬರೆದುಕೊಟ್ಟ 6,000 ರೂಪಾಯಿಯ ಚೆಕ್ಕು, ತಿಂಗಳ ಅಂಕಿ ೯ನ್ನು ೬ ಎಂದು ಓದಿದ ಕಾರಣಕ್ಕೆ ತಿರಸ್ಕೃತವಾಗಿತ್ತು. ಸೆಪ್ಟೆಂಬರ್ ಹೋಗಿ ಜೂನ್ ಆಗಿತ್ತು. ಧಾರವಾಡದ ಜಿಲ್ಲಾ ಗ್ರಾಹಕ ಆಯೋಗ 2022ರಲ್ಲಿ ಆ ಬ್ಯಾಂಕು 85,177 ರೂಪಾಯಿ ತೆರಬೇಕೆಂದು ಆದೇಶಿಸಿತು.

ಹಕ್ಕು ಇದೆ, ನಿಜ. ಆದರೆ ಈಗ ನಿಮ್ಮ ಚೆಕ್ಕಿನ ಚಿತ್ರವನ್ನು ಬೇರೆ ರಾಜ್ಯದಲ್ಲಿ ಕೂತವರು ನೋಡುತ್ತಿರಬಹುದು. ಹೆಸರು, ಅಕ್ಷರದ ಮೊತ್ತ ಕನ್ನಡದಲ್ಲಿರಲಿ, ದಿನಾಂಕ ಮತ್ತು ಚೌಕದ ಅಂಕಿಗಳನ್ನು 1, 2, 3 ಎಂದು ಬರೆಯಿರಿ ಎಂಬುದು ನಮ್ಮ ಸಲಹೆ. ನಾಳೆಯೇ ಹಣ ಸೇರಬೇಕಾದ ಚೆಕ್ಕಿನಲ್ಲಿ ವಾದಕ್ಕೆ ಆಸ್ಪದ ಕೊಡದಿರುವುದು ಒಳ್ಳೆಯದು. ಅಂದಹಾಗೆ, ರಾಷ್ಟ್ರೀಯ ಪಂಚಾಂಗದ ಶಕ ವರ್ಷದಲ್ಲಿ ಹಿಂದಿಯಲ್ಲಿ ದಿನಾಂಕ ಬರೆದ ಚೆಕ್ಕನ್ನೂ ಬ್ಯಾಂಕುಗಳು ಒಪ್ಪಬೇಕೆಂಬ ಸೂಚನೆ ಇದೆ.

ಬರೆದಾದ ಮೇಲೆ: ಪಾಸಿಟಿವ್ ಪೇ ಮತ್ತು ಬ್ಯಾಲೆನ್ಸು

50,000 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಚೆಕ್ಕುಗಳಿಗೆ 2021ರ ಜನವರಿ 1ರಿಂದ ಪಾಸಿಟಿವ್ ಪೇ ಬಂದಿದೆ. ಖಾತೆ ಸಂಖ್ಯೆ, ಚೆಕ್ ಸಂಖ್ಯೆ, ದಿನಾಂಕ, ಪಡೆಯುವವರ ಹೆಸರು, ಮೊತ್ತ ಇಷ್ಟನ್ನು ಬ್ಯಾಂಕಿನ ಆ್ಯಪ್, ನೆಟ್ ಬ್ಯಾಂಕಿಂಗ್ ಅಥವಾ ಶಾಖೆಯ ಮೂಲಕ ನೀವೇ ಮುಂಚಿತವಾಗಿ ತಿಳಿಸುವುದು. ಚೆಕ್ ಬಂದಾಗ ಇವನ್ನು ತಾಳೆ ನೋಡುತ್ತಾರೆ. ಯಾರಾದರೂ ಮೊತ್ತ ತಿದ್ದಿದ್ದರೂ, ನಕಲಿ ಚೆಕ್ ಮುದ್ರಿಸಿದ್ದರೂ ಇಲ್ಲಿ ಸಿಕ್ಕಿಬೀಳುತ್ತದೆ. 5 ಲಕ್ಷ ಮತ್ತು ಮೇಲ್ಪಟ್ಟದ್ದಕ್ಕೆ ಇದನ್ನು ಕಡ್ಡಾಯ ಮಾಡುವ ಅಧಿಕಾರ ಬ್ಯಾಂಕುಗಳಿಗಿದೆ. ವಿವರ ಕೊಟ್ಟಿರದ ದೊಡ್ಡ ಚೆಕ್ಕಿನ ವಿಷಯದಲ್ಲಿ ಮುಂದೆ ತಕರಾರೆದ್ದರೆ ಸಿಟಿಎಸ್‌ನ ವಿವಾದ ಪರಿಹಾರ ವ್ಯವಸ್ಥೆ ಅದನ್ನು ಸ್ವೀಕರಿಸುವುದೂ ಇಲ್ಲ. ಅಡ್ವಾನ್ಸಿನ ಆ 60,000ದ ಚೆಕ್ಕಿಗೂ ಇದನ್ನು ಮಾಡಿಬಿಡಿ, ಐದು ನಿಮಿಷದ ಕೆಲಸ.

‘ಇವತ್ತು ಚೆಕ್ ಕೊಡೋಣ, ನಾಳೆ ನಾಡಿದ್ದು ಪಾಸ್ ಆಗುವ ಹೊತ್ತಿಗೆ ಹಣ ಹಾಕೋಣ’ ಎಂಬ ಲೆಕ್ಕಾಚಾರದ ಕಾಲ ಮುಗಿಯಿತು. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ನಿರಂತರವಾಗಿದೆ. ಮೊದಲ ಹಂತದ ಕ್ರಮದಲ್ಲಿ ಹಗಲಿನ ನಿಗದಿತ ಅವಧಿಯಲ್ಲಿ ಚೆಕ್ಕುಗಳು ಬಂದ ಹಾಗೇ ಸ್ಕ್ಯಾನ್ ಆಗಿ ಹೋಗುತ್ತವೆ. ನಿಮ್ಮ ಬ್ಯಾಂಕು ಅದೇ ಸಂಜೆ 7ರೊಳಗೆ ಹೌದೋ ಅಲ್ಲವೋ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ. ಚೆಕ್ ಕೈಬಿಡುವ ಹೊತ್ತಿಗೇ ಖಾತೆಯಲ್ಲಿ ಹಣ ಇರಲಿ.

ಸೆಲ್ಫ್, ಕ್ಯಾನ್ಸಲ್ಡ್, ‘ಸೆಕ್ಯೂರಿಟಿ’

ನಗದಿಗಾಗಿ ‘ಸೆಲ್ಫ್’ ಎಂದು ಬರೆಯುವ ಚೆಕ್ಕನ್ನು ಬ್ಯಾಂಕಿನೊಳಗೆ ಕೂತೇ ಬರೆಯಿರಿ. ಅದಕ್ಕೆ ಕ್ರಾಸ್ ಇರುವುದಿಲ್ಲ, ದಾರಿಯಲ್ಲಿ ಬಿದ್ದರೆ ನೋಟು ಬಿದ್ದ ಹಾಗೇ.

ಇಎಂಐ ಮುಂತಾದ ಕೆಲಸಗಳಿಗೆ ಕೇಳುವ ಕ್ಯಾನ್ಸಲ್ಡ್ ಚೆಕ್ಕಿಗೆ ಸಹಿ ಹಾಕಬೇಡಿ. ಮೂಲೆಯಿಂದ ಮೂಲೆಗೆ ಎರಡು ಗೀಟೆಳೆದು ನಡುವೆ ದೊಡ್ಡದಾಗಿ ‘ಕ್ಯಾನ್ಸಲ್ಡ್’ ಎಂದು ಬರೆದರಾಯಿತು. ಅವರಿಗೆ ಬೇಕಿರುವುದು ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಎಂಐಸಿಆರ್ ಮಾತ್ರ, ಅವು ಗೀಟಿನಡಿ ಮುಚ್ಚಿಹೋಗದಿರಲಿ.

ಇನ್ನು ಸಾಲ ಕೊಡುವವರು ‘ಭದ್ರತೆಗೆ’ ಎಂದು ಕೇಳುವ ಸಹಿ ಮಾಡಿದ ಖಾಲಿ ಚೆಕ್ಕು. ಎಲ್ಲಕ್ಕಿಂತ ದುಬಾರಿಯಾದ ಹಾಳೆ ಇದೇ. ಸಹಿ ಮಾಡಿ ಖಾಲಿ ಕೊಟ್ಟರೆ ತುಂಬುವ ಅಧಿಕಾರವನ್ನೂ ಕೊಟ್ಟಂತೆ ಎಂದು ಕಾಯ್ದೆಯ 20ನೇ ಸೆಕ್ಷನ್ ನೋಡುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು: ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ಕನ್ನು ಉಳಿದಂತೆ ಬೇರೆಯವರು ತುಂಬಿದ್ದರೂ, ಅದು ಬಾಕಿ ತೀರಿಸಲೆಂದೇ ಕೊಟ್ಟದ್ದು ಎಂದು ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವರದು. ಕೊಡಲೇಬೇಕಾದ ಸಂದರ್ಭ ಬಂದರೆ ಹೆಸರು, ಎ/ಸಿ ಪೇಯಿ ಎರಡನ್ನಾದರೂ ನೀವೇ ಬರೆಯಿರಿ, ಸಾಧ್ಯವಾದರೆ ಮೊತ್ತವನ್ನೂ. ಚೆಕ್ ಸಂಖ್ಯೆಗಳು, ಯಾತಕ್ಕಾಗಿ ಕೊಟ್ಟದ್ದು ಎಂಬುದನ್ನು ಕಾಗದದಲ್ಲಿ ಬರೆದು ಅವರ ಸಹಿ ಪಡೆಯಿರಿ, ಜೆರಾಕ್ಸ್ ಇಟ್ಟುಕೊಳ್ಳಿ. ಸಾಲ ತೀರಿದ ದಿನವೇ ವಾಪಸ್ ಕೇಳಿ. ಅವರು ಸತಾಯಿಸಿದರೆ ಸಾಲ ತೀರಿದ ದಾಖಲೆ ಜೋಡಿಸಿ ಬ್ಯಾಂಕಿಗೆ ಸ್ಟಾಪ್ ಪೇಮೆಂಟ್ (ಈ ಚೆಕ್ಕಿಗೆ ಹಣ ಕೊಡಬೇಡಿ ಎಂಬ ಸೂಚನೆ) ಕೊಟ್ಟು, ಅವರಿಗೂ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ.

ಬೌನ್ಸ್ ಆದರೆ

ಹಣ ಸಾಲದೆ ಚೆಕ್ ಹಿಂದಿರುಗುವುದು 1989ರಿಂದ ಕ್ರಿಮಿನಲ್ ಅಪರಾಧ, ಕಾಯ್ದೆಯ 138ನೇ ಸೆಕ್ಷನ್. ಎರಡು ವರ್ಷದವರೆಗೆ ಜೈಲು, ಇಲ್ಲವೇ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಆದರೆ ಬೌನ್ಸ್ ಆದ ಕೂಡಲೇ ಕೇಸಾಗುವುದಿಲ್ಲ. ಚೆಕ್ ಪಡೆದವರು ರಿಟರ್ನ್ ಮೆಮೊ (ಚೆಕ್ ಹಿಂದಿರುಗಿದೆ ಎಂದು ತಿಳಿಸುವ ಬ್ಯಾಂಕಿನ ಚೀಟಿ) ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ 15 ದಿನದೊಳಗೆ ಹಣ ಕೊಟ್ಟರೆ ಅಲ್ಲಿಗೆ ಮುಗಿಯಿತು. ಕೊಡದಿದ್ದರೆ ಆ ನಂತರದ ಒಂದು ತಿಂಗಳೊಳಗೆ ದೂರು. ಈ ಗಡುವುಗಳಲ್ಲಿ ಒಂದನ್ನು ಕಳೆದುಕೊಂಡರೂ ಪಡೆಯಬೇಕಾದವರ ಪ್ರಕರಣ ಸಡಿಲವಾಗುತ್ತದೆ. ಆದ್ದರಿಂದ ಮೆಮೊ ಬಂದ ದಿನಾಂಕವನ್ನು ಅದರ ಮೇಲೇ ಬರೆದಿಡಿ. ಕೊಟ್ಟವರ ಕಡೆಯಿಂದ ಹೇಳುವುದಾದರೆ, ಖಾತೆ ಮುಚ್ಚಿದರೂ, ಹಣವಿಲ್ಲದೆ ಸ್ಟಾಪ್ ಪೇಮೆಂಟ್ ಕೊಟ್ಟರೂ 138ರಿಂದ ತಪ್ಪಿಸಿಕೊಳ್ಳಲಾಗದು ಎಂದು ನ್ಯಾಯಾಲಯಗಳು ಹೇಳಿವೆ. ಉಡುಗೊರೆಯಾಗಿ ಕೊಟ್ಟ ಚೆಕ್ಕಿಗೆ ಮಾತ್ರ ಈ ಸೆಕ್ಷನ್ ಅನ್ವಯಿಸದು, ಅದಕ್ಕೆ ಕಾನೂನುಬದ್ಧ ಬಾಕಿಯೊಂದು ಇರಬೇಕು.

ಚೆಕ್ ಜಮಾ ಮಾಡುವವರು ಹಿಂಭಾಗದಲ್ಲಿ ತಮ್ಮ ಖಾತೆ ಸಂಖ್ಯೆ, ಫೋನ್ ನಂಬರ್ ಬರೆಯಬೇಕು. ಡ್ರಾಪ್ ಬಾಕ್ಸಿಗೇ ಹಾಕಿ ಎಂದು ಶಾಖೆಯವರು ಒತ್ತಾಯಿಸುವಂತಿಲ್ಲ. ಕೌಂಟರಿನಲ್ಲಿ ಕೊಟ್ಟು ಚಲನಿನ ಅರ್ಧಕ್ಕೆ ಮೊಹರು ಹಾಕಿಸಿಕೊಳ್ಳುವುದು ಗ್ರಾಹಕರ ಹಕ್ಕು, ಅದನ್ನು ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ. ದೊಡ್ಡ ಮೊತ್ತವಾದರೆ ಈ ಹಕ್ಕನ್ನು ಬಳಸಿ.

ಹೊಸ ಚೆಕ್‌ಬುಕ್ ಬಂದಾಗ ಹಾಳೆಗಳನ್ನು ಎಣಿಸಿ ನೋಡಿ. ನಡುವಿನಿಂದಲೋ ಕೊನೆಯಿಂದಲೋ ಒಂದು ಹಾಳೆ ಹೋಗಿದ್ದರೆ ಅದು ಗೊತ್ತಾಗುವುದು ತಿಂಗಳುಗಟ್ಟಲೆ ತಡವಾಗಿ. ಚೆಕ್‌ಬುಕ್ಕಿನ ಮುಂಭಾಗದ ಪಟ್ಟಿಯಲ್ಲಿ ಪ್ರತಿ ಸಂಖ್ಯೆಯ ಎದುರು ಯಾರಿಗೆ, ಎಷ್ಟು, ಯಾವಾಗ ಎಂದು ಬರೆದಿಡಿ. ಒಂದು ಹಾಳೆ ಕಾಣೆಯಾದರೆ ಸ್ಟಾಪ್ ಪೇಮೆಂಟ್ ಕೊಡಲು ಬೇಕಾಗುವುದು ಆ 6 ಅಂಕಿಯ ಸಂಖ್ಯೆಯೇ. ನೆಟ್ ಬ್ಯಾಂಕಿಂಗ್‌ನಲ್ಲೂ ಕೊಡಬಹುದು. ಶಾಖೆಯಲ್ಲಿ ಬರೆದು ಕೊಟ್ಟರೆ ಸಮಯ ನಮೂದಿಸಿ ಸ್ವೀಕೃತಿ ಪಡೆಯಿರಿ, ಏಕೆಂದರೆ ಅಷ್ಟರೊಳಗೆ ಚೆಕ್ ಪಾಸಾಗಿದ್ದರೆ ನಿಮ್ಮ ಸೂಚನೆ ಮೊದಲೋ ಪಾವತಿ ಮೊದಲೋ ಎಂಬುದನ್ನು ಆ ಸಮಯವೇ ತೀರ್ಮಾನಿಸುತ್ತದೆ.